ಶಾಂತಾದೇವಿಯ ಪಡಸಾಲೆ ಪೋಸ್ಟಾಫೀಸು

೧

ಎಲ್ಲಿಂದ ಶುರು ಮಾಡಲಿ? "ಅದು ೧೯೮೧ರ ಒಂದು ಮುಂಜಾನೆ" ಅಂತ ಬರೆದೆ, ಹೊಡೆದುಹಾಕಿದೆ. ಕಥೆಗಳಲ್ಲಿ ಬೆಳಗಾಗುವುದು ನೋಡಿ ನೋಡಿ ನನಗೂ ಸಾಕಾಗಿದೆ, ನಿಮಗೂ ಸಾಕಾಗಿರಬೇಕು. ನೇರ ವಿಷಯಕ್ಕೆ ಬರುತ್ತೇನೆ. ಯಾವುದೋ ಮ್ಯಾಗಜೀನಿನಲ್ಲಿ ಓದಿದೆ: ಮುಂದೊಂದು ಕಾಲಕ್ಕೆ ಜನ ಆಫೀಸಿಗೆ ಹೋಗುವುದೇ ಇಲ್ಲವಂತೆ, ಮನೆಯಲ್ಲೇ ಕೂತು ಡ್ಯೂಟಿ ಮಾಡುತ್ತಾರಂತೆ. ನಾನು ದಿನಾ ಬಸ್ಸಿಗೆ ಜೋತುಬಿದ್ದು ಚನ್ನಗಿರಿಗೆ ಹೋಗುವ ಗುಮಾಸ್ತ. ಓದಿ ಕಣ್ಣು ತುಂಬಿ ಬಂತು. (ಸ್ವಲ್ಪ ಉತ್ಪ್ರೇಕ್ಷೆ. ಇರಲಿ.)

೨

ಅಂಥ ಪುಣ್ಯವಂತೆಯೊಬ್ಬಳನ್ನು ಸೃಷ್ಟಿಸಿದೆ. ಹೊನ್ನಾಳಿ ತಾಲ್ಲೂಕು, ಸವಳಂಗದಾಚೆ ಒಂದು ಹಳ್ಳಿ. ಹೆಸರು ಶಾಂತಾದೇವಿ, ಎಸ್ಸೆಸ್ಸೆಲ್ಸಿ ಪಾಸು, ಊರಿನ ಪೋಸ್ಟ್‌ಮಾಸ್ಟರು. ಆಫೀಸು ಅಂದರೆ ಗಂಡನ ಮನೆಯ ಪಡಸಾಲೆ: ಒಂದು ಮೇಜು, ಒಂದು ಸೀಲು, ಗೋಡೆಗೆ ಕೆಂಪು ಡಬ್ಬ. ಅಡುಗೆಮನೆಗೆ ಆರೇ ಹೆಜ್ಜೆ. "ಎಂಥ ಸುಖ!" ಎಂದು ಬರೆದೆನೋ ಇಲ್ಲವೋ, ಅವಳು ತಲೆ ಎತ್ತಿದಳು.

"ಸುಖ ಅಂತ ಯಾರು ಹೇಳಿದ್ರು ನಿಮಗೆ? ಫಾರಂ ಅರ್ಧ ಬರ್ದಿರ್ತೀನಿ, ಅತ್ತೆ ಒಳಗಿಂದ ಕರೀತಾರೆ. ಡ್ಯೂಟಿ ಮೇಲೆ ಇದೀನಿ ಅಂದ್ರೆ ನಗ್ತಾರೆ. ಎದುರಿಗೇ ಪಂಚಾಯ್ತಿ ರೂಮು ಖಾಲಿ ಐತೆ, ಕೊಡ್ತೀವಿ ಅಂತಾರೆ. ನನಗೆ ಅದು ಬೇಕು ರೀ, ಅತ್ತೆ ಬಿಡಲ್ಲ. ದಿನಕ್ಕೆ ಮೂರು ತಾಸು ನಾನು ಯಾರ ಸೊಸೇನೂ ಅಲ್ದಂಗೆ ಕೂತ್ಕಬೇಕು."

(ನನ್ನ ಪಾತ್ರಗಳು ನನ್ನ ಮಾತು ಕೇಳುವುದಿಲ್ಲ. ಕಟ್ಟಿಕೊಂಡವಳೂ ಕೇಳುವುದಿಲ್ಲ, ಅದು ಬೇರೆ ಕಥೆ.)

೩

ಆಗಲಿ ಅಂತ ಪೋಸ್ಟಲ್ ಇನ್‌ಸ್ಪೆಕ್ಟರನ್ನು ಬಸ್ಸಿನಿಂದ ಇಳಿಸಿದೆ. ತಪಾಸಣೆ ಪುಸ್ತಕದಲ್ಲಿ "ಜಾಗ ಬದಲಾಯಿಸಿ" ಅಂತ ಅವರು ಒಂದು ಸಾಲು ಬರೆದರೆ ಸಾಕು, ಸರ್ಕಾರದ ಮಾತಿಗೆ ಅತ್ತೆಯೂ ಎದುರಾಡುವಂತಿಲ್ಲ. ಆದರೆ ಅತ್ತೆ ಕಸ್ತೂರಮ್ಮ ನನಗಿಂತ ಚುರುಕು. ಆಫೀಸಿಗೆ ಬಂದವರು ಅಧಿಕಾರಿ, ಮನೆಗೆ ಬಂದವರು ನೆಂಟರು. ಇಲ್ಲಿ ಎರಡಕ್ಕೂ ಒಂದೇ ಹೊಸ್ತಿಲು.

"ಕಾಲಿಗೆ ನೀರು ತಗಳ್ರಿ ಸಾಹೇಬ್ರೆ. ಊಟ ಮಾಡ್ಕಂಡೇ ಹೋಗ್ಬೇಕು. ಶಾಂತಾ, ಹೋಳಿಗೆಗೆ ಬೇಳೆ ಇಡು."

ಪೋಸ್ಟ್‌ಮಾಸ್ಟರು ಮೇಜು ಬಿಟ್ಟೆದ್ದು ಒಳಗೆ ಹೋದರು. ಸಾಹೇಬರು ತುಪ್ಪ ಹಾಕಿಸಿಕೊಂಡು ನಾಲ್ಕು ಹೋಳಿಗೆ ತಿಂದು, ಕೈ ಒರೆಸಿಕೊಂಡು ಬರೆದರು: "ಸ್ಥಳ ಬಹಳ ಅನುಕೂಲಕರವಾಗಿದೆ." ತನ್ನನ್ನು ಕಟ್ಟಿಹಾಕುವ ಊಟವನ್ನು ಅವಳೇ ಬೇಯಿಸಿ, ಅವಳೇ ಬಡಿಸಿದಳು.

೪

ಬೇರೆ ಅಂತ್ಯಗಳಿವೆ, ಬೇಕಾದ್ದು ಆರಿಸಿಕೊ ಎಂದೆ ಶಾಂತಾದೇವಿಗೆ.

ಒಂದು: ಹೋಳಿಗೆ ಸೀದುಹೋಗುತ್ತದೆ, ಸಾಹೇಬರು ಸಿಟ್ಟಾಗಿ ಜಾಗ ಬದಲಾಯಿಸಿ ಅಂತ ಬರೆಯುತ್ತಾರೆ. "ಬ್ಯಾಡ್ರಿ. ಸೀದದ್ದು ಬಡಿಸಾಕೆ ನನ್ನ ಕೈಲಿ ಆಗಲ್ಲ."

ಎರಡು: ಜಗಳೂರು ಕಡೆಯಿಂದ ಹೊಸ ಇನ್‌ಸ್ಪೆಕ್ಟರು ಬರುತ್ತಾರೆ, ಸಕ್ಕರೆ ಕಾಯಿಲೆಯವರು. "ಅತ್ತೆ ಅವರಿಗೆ ರೊಟ್ಟಿ ಮಾಡಿಸ್ತಾರೆ. ತಟ್ಟೋಳು ನಾನೇ."

ಮೂರು: ಮ್ಯಾಗಜೀನು ಹೇಳಿದ ಕಾಲ ಬಂದೇಬಿಡುತ್ತದೆ, ದೇಶಕ್ಕೆ ದೇಶವೇ ಮನೆಯಲ್ಲಿ ಕೂತು ಕೆಲಸ ಮಾಡುತ್ತದೆ. ಅವಳು ಬಿದ್ದು ಬಿದ್ದು ನಕ್ಕಳು. "ಆವಾಗ ಒಳಗಿಂದ ಕೂಗಿದ್ರೆ ಗಂಡಸ್ರೂ ಎದ್ದು ಹೋಗ್ತಾರೇನ್ರಿ?"



೫

"ಕಥೆ ಮುಗಿಸಬ್ಯಾಡ್ರಿ," ಎಂದಳು. "ಹೆಂಗೆ ಮುಗಿಸಿದ್ರೂ ನಾನು ಒಳಗೇ ಉಳೀತೀನಿ."

ಇದೀಗ ಎದುರಿನ ಪಂಚಾಯ್ತಿ ರೂಮಿನ ಕಡೆಗೆ ಮೇಜು ಎಳೆಯುತ್ತಿದ್ದಾಳೆ. ಒಬ್ಬಳೇ. ಪಡಸಾಲೆ ದಾಟಿತು, ಒಂದು ಮೆಟ್ಟಿಲು ಇಳಿಯಿತು, ಎರಡನೆಯದರಲ್ಲಿ ಸಿಕ್ಕಿಕೊಂಡಿದೆ. ಒಳಗೆ ಕಸ್ತೂರಮ್ಮ ಕೂಗುತ್ತಿದ್ದಾರೆ. ಅವಳು ತಿರುಗಿ ನೋಡಿದ್ದು ಅತ್ತೆಯ ಕಡೆಗಲ್ಲ, ನನ್ನ ಕಡೆಗೆ.

"ಬರೀತಾನೇ ಕೂತಿರ್ತೀರೋ, ಆ ಕಡೆ ಹಿಡೀತೀರೋ?"

ಪೆನ್ನು ಕೆಳಗಿಡುತ್ತಿದ್ದೇನೆ.