ನೆಟ್ಟಗೆ ನಿಂತ ಗೆರೆ

ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ತೇಲುತ್ತಿದೆ, ಎಷ್ಟು ನಿಧಾನ ಅದಕ್ಕೆ, ಒಂದು ಕಣ ನನ್ನ ನಕ್ಷೆಯನ್ನು ಹಾದು ನಮ್ಮ ಕಚೇರಿಯ ನಿರ್ದೇಶಕರ ಕಿವಿಯ ಹತ್ತಿರ ಇಳಿಯಿತು, ಅವರಿಗೆ ಗೊತ್ತಿಲ್ಲ, ಚಹಾ ಕಪ್ಪಿನ ಹಿಡಿ ತಿರುಗಿಸುತ್ತ ಕೂತಿದ್ದಾರೆ — ಇನ್ನೇನು ನನ್ನ ಸರದಿ, ಹಿರಿಯ ಲೆಕ್ಕಾಧಿಕಾರಿಗಳ ಮಾತು ಮುಗಿದರೆ ಸಾಕು, ಕಚೇರಿಯಲ್ಲಿ ಅವರಿಗೆ ಬ್ರೇಕ್ ಸಾಹೇಬರು ಅಂತಲೇ ಹೆಸರು, ಯಾವ ಗಾಡಿ ಹೊರಟರೂ ಇವರ ಕಾಲು ಆಗಲೇ ಅಲ್ಲಿರುತ್ತದೆ, ಈಗಲೂ ಅದೇ, ಇರೋ ನಿಯಮಕ್ಕೆ ಏನಾಗಿದೆ ಸರ್, ಓದೋಕೆ ಸಾಲ ತಗೊಂಡೋರು ಮಿತಿಯೊಳಗೆ ದುಡಿದ್ರೆ ಏನೂ ಕಟ್ಟಬೇಡಿ, ಮಿತಿ ದಾಟಿದ್ರೆ ಇಡೀ ಸಂಬಳದಲ್ಲಿ ಇಷ್ಟು ಪಾಲು ಕಟ್ಟಿ, ಎರಡೇ ಮಾತು, ಎಂಥೋನಿಗೂ ಅರ್ಥ ಆಗುತ್ತೆ, ಇದಕ್ಕೆ ಗಣಿತದ ಹುಡುಗಿ ಯಾಕೆ — ಗಣಿತದ ಹುಡುಗಿ ಅಂದರೆ ನಾನು, ಈ ಸಾಲ ನಿಧಿಯ ಕಚೇರಿಗೆ ನಾನು ಬಂದು ಇನ್ನೂ ಕುರ್ಚಿ ಕೂಡ ನನ್ನ ಬೆನ್ನಿಗೆ ಒಗ್ಗಿಲ್ಲ, ಮೇಜಿನ ಮೇಲೆ ಫೋನು ಮಿಣುಕುತ್ತದೆ, ಅಕ್ಕ, ಅವಳೂ ಓದಿದ್ದು ಈ ನಿಧಿಯ ಸಾಲದಲ್ಲೇ, ಎತ್ತುವ ಹಾಗಿಲ್ಲ, ಬೆಳಿಗ್ಗೆಯೇ ಹೇಳಿದ್ದಳು, ಸಂಜೆಯೊಳಗೆ ಹೂಂ ಅನ್ನಬೇಕು ಇಲ್ಲ ಉಹುಂ ಅನ್ನಬೇಕು ಕಣೇ, ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆ ಪೂರ್ತಿ ನನ್ನ ಕೈಗೆ ಕೊಡ್ತಾರಂತೆ, ಮುಖ್ಯಸ್ಥೆ ಅಂತೆ, ಆಮೇಲೆ ನಗು, ಬಡ್ತಿ ಸಿಕ್ಕಿದ್ರೆ ನಾನು ಮಿತಿ ದಾಟ್ತೀನಿ, ಮಿತಿ ದಾಟಿದ್ರೆ ಕಂತು ಶುರು, ಕೈಗೆ ಬರೋದು ಈಗಿನ್ದಕ್ಕಿಂತ ಕಮ್ಮಿ, ಮೇಲೆ ಹತ್ತಿದಷ್ಟೂ ಕೆಳಗೆ ಇಳೀತೀನಿ, ನಿಮ್ಮ ಆಫೀಸಿನವರು ಎಂಥಾ ಬುದ್ಧಿವಂತರೇ — ನಕ್ಕಳು, ಆದರೆ ಆ ಕೋಣೆಗೆ ಯಾವ ಬಣ್ಣ ಹೊಡೆಸಬೇಕು, ಕನ್ನಡಿ ಎಲ್ಲಿ ನಿಲ್ಲಿಸಬೇಕು ಎಂದು ಆಗಲೇ ಯೋಚಿಸಿ ಇಟ್ಟಿದ್ದಾಳೆ, ಅದು ನನಗೆ ಗೊತ್ತು, ನನಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ.

ಹೊಳೆ ದಾಟಿಸುವ ಅಂಬಿಗನ ಕಥೆ ಅಜ್ಜಿ ಹೇಳುವಾಗಲೂ ಅಕ್ಕ ಹೀಗೇ ನಗುತ್ತಿದ್ದಳು, ಬುಟ್ಟಿ ತುಂಬಿದವರಿಂದ ಅಂಬಿಗ ಒಂದು ಹಿಡಿ ತೆಗೆದುಕೊಳ್ಳುತ್ತಿದ್ದ, ಬರಿ ಬುಟ್ಟಿಯವರಿಂದ ಒಂದು ಕಥೆ, ಎಲ್ಲರೂ ಕಥೆನೇ ಕೊಟ್ರೆ ಅವನು ಏನು ತಿಂತಾನಜ್ಜಿ, ಅದು ಅಕ್ಕನ ಪ್ರಶ್ನೆ, ಬ್ರೇಕ್ ಸಾಹೇಬರದೂ ಅದೇ, ಕಟ್ಟಿದ ಹಣವೇ ತಾನೇ ಮುಂದಿನ ಮಕ್ಕಳ ಓದಿಗೆ, ನಿಧಿ ಬರಿದಾದರೆ ಅವರ ಗತಿ, ಸರಿಯಾದ ಮಾತು, ನಾನು ತಿಂಗಳುಗಟ್ಟಲೆ ಅದರ ಬೆನ್ನು ಬಿದ್ದಿದ್ದೇನೆ, ನನ್ನ ಪ್ರಶ್ನೆ ಮಾತ್ರ ಬೇರೆ ಇತ್ತು, ಅರ್ಧ ಬುಟ್ಟಿ ಇರೋರು ಏನು ಕೊಡ್ಬೇಕಜ್ಜಿ, ಅಜ್ಜಿ ದೀಪ ಆರಿಸಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದಳು, ಅರ್ಧ ಹಿಡಿ ಕಣೇ ಪುಟ್ಟಿ, ಜೊತೆಗೆ ಅರ್ಧ ಕಥೆ, ಇನ್ನರ್ಧ ವಾಪಸ್ ಬರೋವಾಗ ಹೇಳ್ಬೇಕು, ಇಲ್ದಿದ್ರೆ ಅರ್ಧ ಬುಟ್ಟಿಯೋರು ದಡದಲ್ಲೇ ಕೂತುಬಿಡ್ತಾರೆ, ದಡದಲ್ಲೇ — ನಕ್ಷೆಯಲ್ಲಿ ಆ ಚುಕ್ಕಿಗಳು, ಒಂದೊಂದು ಚುಕ್ಕಿ ಒಬ್ಬೊಬ್ಬ ಸಾಲಗಾರರು, ಮಿತಿಯ ಈಚೆ ಜೇನುಹುಳದ ಹಾಗೆ ಮುತ್ತಿಕೊಂಡಿದ್ದಾರೆ, ಆಚೆ ಬಯಲು ಬಯಲು, ಜನಕ್ಕೆ ಮುಂದೆ ಬರೋ ಮನಸ್ಸೇ ಇಲ್ಲ ಸರ್, ಸೋಮಾರಿಗಳು, ಎಂದು ಬ್ರೇಕ್ ಸಾಹೇಬರು ಕೂತರು, ಆ ಚುಕ್ಕಿಗಳಲ್ಲಿ ಒಂದು ಬೆಳಗಿನಿಂದ ಸಂಜೆಯವರೆಗೂ ಮೊಣಕಾಲೂರಿ ಪಾರ್ಶ್ವವಾಯು ಹೊಡೆದವರ ಪಾದ ಹಿಡಿದು ನೆಲ ತೋರಿಸುತ್ತದೆ, ಇಡಿ ಅಮ್ಮ, ಇದೇ ನೆಲ, ನಾನಿದ್ದೀನಿ, ಹಾಗೆ ಹೇಳುವುದನ್ನು ಅಕ್ಕ ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ, ನಮ್ಮ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಕಲಿತದ್ದು, ಎಲ್ಲ ಮೆಟ್ಟಿಲೂ ಒಂದೇ ಸಮ, ಕೊನೆಯದು ಮಾತ್ರ ಯಾವ ಗಾರೆಯವನು ಎಲ್ಲಿ ಲೆಕ್ಕ ತಪ್ಪಿದನೋ, ಉಳಿದವುಗಳಿಗಿಂತ ಎತ್ತರ, ಅಜ್ಜಿ ಕಂಬಿ ಹಿಡಿದು ಇಳಿಯುತ್ತ ಇಳಿಯುತ್ತ ಅಲ್ಲಿಗೆ ಬಂದು ಕಾಲು ಚಾಚುತ್ತಾಳೆ, ನೆಲ ಇರಬೇಕಾದ ಕಡೆ ನೆಲವಿಲ್ಲ, ಒಡೆದ ಹಿಮ್ಮಡಿ ಗಾಳಿಯಲ್ಲಿ ತಡಕಾಡುತ್ತದೆ, ಅಕ್ಕ ಕೆಳಗೆ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚುತ್ತಾಳೆ — ಹೇಳಮ್ಮ, ಎನ್ನುತ್ತಿದ್ದಾರೆ ನಿರ್ದೇಶಕರು, ಎರಡನೇ ಸಲವೋ ಏನೋ, ಎದ್ದೆ, ಕುರ್ಚಿ ಕಿರ್ ಎಂದಿತು.

ನನ್ನ ದನಿ ನನಗೇ ದೂರದಿಂದ ಕೇಳಿಸುತ್ತದೆ, ಇದು ನಾವು ವರ್ಷವೂ ನೋಡೋ ನಕ್ಷೆ ಸರ್, ಸಂಬಳ ಏರಿದ ಹಾಗೆ ಕೈಗೆ ಬರೋ ಹಣ ಏರುತ್ತೆ, ಮಿತಿ ಹತ್ರ ನೆಟ್ಟಗೆ ಈ ಗೆರೆ ಇದೆಯಲ್ಲ, ಅಲ್ಲಿ ಒಂದು ಮೆಟ್ಟಿಲು ಇಳಿದು ಮತ್ತೆ ಏರುತ್ತೆ, ಎಲ್ಲರೂ ತಲೆಯಾಡಿಸುತ್ತಾರೆ, ಒಂದು ಮೆಟ್ಟಿಲು ತಾನೇ ಎನ್ನುತ್ತಾರೆ ಬ್ರೇಕ್ ಸಾಹೇಬರು, ಈಗ ಗುಂಡಿ ಒತ್ತಬೇಕು, ಒತ್ತಿದೆ — ನೆಟ್ಟಗೆ ನಿಂತಿದ್ದ ಆ ಗೆರೆ ಮಾಯವಾಯಿತು, ಗೋಡೆಯ ಮೇಲೆ ಈಗ ಎರಡು ತುಂಡು, ಮೇಲೊಂದು ಕೆಳಗೊಂದು, ನಡುವೆ ಬರೀ ಬಿಳಿ, ಗೆರೆ ಕಡಿದ ಜಾಗದಲ್ಲಿ, ಇಲ್ಲಿ ಏನೂ ಇಲ್ಲ ಎಂದು ನಾವು ಗಣಿತದವರು ಹಾಕುವ ಪೊಳ್ಳು ಸೊನ್ನೆ, ಆ ಗೆರೆ ಎಲ್ಲಿ ಹೋಯ್ತಮ್ಮ, ನಿರ್ದೇಶಕರು ಕಪ್ಪು ಕೆಳಗಿಟ್ಟಿದ್ದಾರೆ, ಅದು ಯಾವತ್ತೂ ಇರಲಿಲ್ಲ ಸರ್, ಎರಡು ತುದಿ ಬಿಡಿಬಿಡಿಯಾಗಿ ಸಿಕ್ಕಿದ್ರೆ ನಮ್ಮ ಕಂಪ್ಯೂಟರು ತಾನೇ ಸೇರಿಸಿಬಿಡುತ್ತೆ, ನೋಡೋರಿಗೆ ಮೆಟ್ಟಿಲು ಅನ್ಸುತ್ತೆ, ನಿಲ್ಲೋರಿಗೆ ಅಲ್ಲಿ ನೆಲ ಇಲ್ಲ, ಇಷ್ಟು ವರ್ಷ ನಾವು ಆ ಗೆರೆ ನಂಬಿಕೊಂಡು ನಿಯಮ ಮಾಡಿದ್ವಿ — ಹಾಗಾದ್ರೆ ಈಚೆ ಇಷ್ಟು ಜನ, ನಿರ್ದೇಶಕರು ಚುಕ್ಕಿಗಳ ಕಡೆ ಕೈ ತೋರಿಸುತ್ತಾರೆ, ಅವರು ಸೋಮಾರಿಗಳಲ್ಲ ಸರ್, ಕಾಲು ಚಾಚಿ ನೋಡಿ ಹಿಂದಕ್ಕೆ ತಗೊಂಡೋರು, ಮಿತಿ ದಾಟಿದ ಮೇಲೆ ಇಡೀ ಸಂಬಳದ ಮೇಲಲ್ಲ, ದಾಟಿದಷ್ಟರ ಮೇಲೆ ಮಾತ್ರ ಪಾಲು ಕೇಳಿ, ಮೊದಲು ಒಂಚೂರು, ಏರಿದ ಹಾಗೆ ಜಾಸ್ತಿ, ಮೆಟ್ಟಿಲಿನ ಜಾಗದಲ್ಲಿ ಇಳಿಜಾರು, ಎಷ್ಟೇ ದುಡಿದ್ರೂ ಹೆಚ್ಚು ದುಡಿದೋರ ಕೈಗೆ ಹೆಚ್ಚೇ ಉಳಿಯುತ್ತೆ, ಅರ್ಧ ಹಿಡಿ ಎಂದುಬಿಡುತ್ತಿದ್ದೆ ಇನ್ನೇನು, ಬ್ರೇಕ್ ಸಾಹೇಬರು ನನ್ನ ಕಾಗದ ಎಳೆದುಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಕೂಡಿಸುತ್ತಿದ್ದಾರೆ, ಅಳಿಸುತ್ತಾರೆ, ಮತ್ತೆ ಕೂಡಿಸುತ್ತಾರೆ, ತುಟಿ ಅಲ್ಲಾಡುತ್ತಿದೆ, ಹತ್ತಿರದಿಂದ ನೋಡಿದರೆ ಇವರಿಗೂ ವಯಸ್ಸಾಗಿದೆ, ಅಂಗಿಯ ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು, ಫೋನು ಮತ್ತೆ ಮಿಣುಕಿತು, ಅಕ್ಕ, ಏನಂತ ಹೇಳ್ಲೇ, ಅಷ್ಟೇ ಬರೆದಿದ್ದಾಳೆ, ಬೋರಲು ಹಾಕಿದೆ.

ನಿಧಿ ತಡಕೊಳ್ಳುತ್ತಾ, ನಿರ್ದೇಶಕರು ನನ್ನನ್ನಲ್ಲ, ಅವರನ್ನು ಕೇಳುತ್ತಾರೆ, ಬ್ರೇಕ್ ಸಾಹೇಬರು ಕನ್ನಡಕ ತೆಗೆದು ಗೋಡೆಯ ಬಿಳಿ ಸಂದಿಯನ್ನೇ ನೋಡುತ್ತಾರೆ, ಈಚೆ ನಿಂತೋರಲ್ಲಿ ಅರ್ಧ ಜನ ದಾಟಿದ್ರೂ ಸಾಕು ಸರ್, ನಿಧಿ ತುಂಬುತ್ತೆ, ಕಮ್ಮಿ ಆಗಲ್ಲ — ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ನನ್ನ ಮಗನೂ ಅಲ್ಲೇ ಎಲ್ಲೋ ನಿಂತಿದಾನಮ್ಮ, ನಾನು ಸೋಮಾರಿ ಅಂತ ಬೈತಿದ್ದೆ — ಮುಂದಿನ ಕಂತಿನಿಂದಲೇ ಮಾಡಬಹುದಾ, ನಿರ್ದೇಶಕರ ಪ್ರಶ್ನೆ, ಮಾಡಬಹುದು ಸರ್, ಅಂದೆ, ಅವರು ಪೆನ್ನಿನ ಮುಚ್ಚಳ ತೆಗೆದರು, ಕಾಗದ ತಮ್ಮ ಕಡೆ ಸರಿಸಿಕೊಂಡರು, ಸಹಿಗೆ ಪೆನ್ನು ಬಗ್ಗಿತು, ನಿಂತಿತು, ಇನ್ನೂ ತಾಗಿಲ್ಲ, ಧೂಳು ಕೂಡ ತೇಲುವುದನ್ನು ಮರೆತಿದೆ, ಇಡಜ್ಜಿ, ಇದೇ ನೆಲ, ನಾನಿದ್ದೀನಿ — ಗಾಳಿಯಲ್ಲಿ ಅಜ್ಜಿಯ ಹಿಮ್ಮಡಿ, ಅದರ ಕೆಳಗೆ ಅಕ್ಕನ ಅಂಗೈ, ಹಿಮ್ಮಡಿ, ಅಂಗೈ