ಅಳತೆ ಬಟ್ಟೆ

ಶಾಲೆ ಶುರುವಾಗಲು ನಾಲ್ಕೇ ದಿನ ಬಾಕಿ. ಯೂನಿಫಾರ್ಮ್ ಹೊಲಿಸುವವರೆಲ್ಲ ಮನೆ ಮುಂದಿನ ನನ್ನ ಅಂಗಡಿಯಲ್ಲೇ. ನಾನು ಟೇಪು ಹಿಡಿದು "ಎದೆ ಇಪ್ಪತ್ತಾರು, ಸೊಂಟ ಇಪ್ಪತ್ನಾಲ್ಕು" ಎಂದು ಕೂಗುತ್ತೇನೆ, ಒಳಗೆ ಕೂತ ನಮ್ಮ ಯಜಮಾನರು ಬರೆದುಕೊಳ್ಳುತ್ತಾರೆ. ಅವರಿಗೆ ಕಿವಿ ಸ್ವಲ್ಪ ಮಂದ. ನನ್ನ ಬಾಯಿಗೋ ಬೀಗವಿಲ್ಲ. ಬೀದಿಗೆಲ್ಲ ಕೇಳಿಸುತ್ತದೆ.

ನನ್ನ ಮಗಳಿಗೆ ಎಂಟು ವರ್ಷ. ಮುದ್ದಿಗೆ ಗುಂಡಮ್ಮ ಎನ್ನುತ್ತಿದ್ದೆ. ಈ ಸಲ ಅಳತೆಗೆ ಕರೆದರೆ ಬರಲೇ ಇಲ್ಲ. ಹೋದ ವರ್ಷದ ಅಂಗಿ ತಂದು ಮೇಜಿನ ಮೇಲಿಟ್ಟಳು.

"ಅಳತೆಗೆ ಇದೇ ಬಟ್ಟೆ. ಹೀಗೇ ಹೊಲಿ."

"ಇದು ಈಗ ನಿಂಗಾಗುತ್ತೇನೇ? ತಿನ್ನೋದು ಕಮ್ಮಿ ಮಾಡು ಅಂದ್ರೆ ಕೇಳಲ್ಲ!"

ಆದರೂ ಹಾಗೇ ಹೊಲಿದೆ. ಬಿಗಿಯಾದರೆ ತಾನೇ ಬುದ್ಧಿ ಕಲಿಯುತ್ತಾಳೆ ಎಂಬ ಹಟ ನನ್ನದು. ತಟ್ಟೆಗೆ ಬಡಿಸುವುದನ್ನೂ ಅರ್ಧ ಮಾಡಿದೆ. ಅವಳು ಎರಡನೇ ಸಲ ಬಡಿಸು ಎಂದು ಕೇಳಲಿಲ್ಲ. ಅದೇ ನನ್ನನ್ನು ಕೊರೆಯತೊಡಗಿತು. ಮಿಷನ್ನಿನ ಮೇಲೆ ಕಾಲು ಓಡುತ್ತಿತ್ತು, ಮನಸ್ಸು ಎಲ್ಲೋ. ಒಂದೇ ಕಾಲರನ್ನು ಎರಡು ಸಲ ಬಿಚ್ಚಿದೆ.

ಶಾಲೆಯ ಮೊದಲ ದಿನವೇ ಬ್ಯಾಗನ್ನು ಎದೆಗವಚಿಕೊಂಡು ಬಂದಳು. ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು.

"ನಾಳೆಯಿಂದ ನಾನು ಹೋಗಲ್ಲ."

ಒಳಗೆ ಕರೆದೊಯ್ದು ಅಂಗಿ ಬಿಚ್ಚಿಸಿದೆ. ಎದೆಗೆ ಕೈ ತಾಕಿದ್ದೇ "ನೋಯತ್ತಮ್ಮಾ" ಎಂದು ಹಿಂದೆ ಸರಿದಳು. ಅದು ಬರೀ ಕೊಬ್ಬಲ್ಲ ಎಂದು ನನಗೆ ತಿಳಿದುಹೋಯಿತು. ನೂರಾರು ಹೆಣ್ಣುಮಕ್ಕಳ ಅಳತೆ ತೆಗೆದವಳು ನಾನು. ದೀಪದ ಬುಡದಲ್ಲೇ ಕತ್ತಲೆ.

ಮರುದಿನ ಡಾಕ್ಟರಮ್ಮ ಹೇಳಿದರು: "ತೂಕ ಹೆಚ್ಚಿದ್ರೆ ಕೆಲವು ಮಕ್ಕಳಲ್ಲಿ ಪ್ರಾಯದ ಬೆಳವಣಿಗೆ ಬೇಗ ಶುರುವಾಗುತ್ತೆ. ಬೇರೆ ಕಾರಣಾನೂ ಇರಬಹುದು, ಪರೀಕ್ಷೆ ಮಾಡೋಣ. ಅಲ್ಲೀವರೆಗೆ ಹೊಟ್ಟೆಗೆ ಕಮ್ಮಿ ಹಾಕಿ ಶಿಕ್ಷೆ ಕೊಡಬೇಡಿ." ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದವಳೇ ಅಂಗಡಿಯ ಬಾಗಿಲು ಹಾಕಿದೆ. "ಬಾಮ್ಮ, ಹೊಸ ಅಂಗಿಗೆ ಅಳತೆ ತಗೋತೀನಿ."

ಅವಳು ಗೋಡೆ ಬಿಟ್ಟು ಅಲುಗಲಿಲ್ಲ. "ಕೂಗ್ತೀಯಾ?"

"ಯಾಕೇ?"

"ಹೋದ್ವರ್ಷ ಇಪ್ಪತ್ತೊಂಬತ್ತು ಅಂತ ಕೂಗಿದ್ಯಲ್ಲ. ಕ್ಲಾಸಲ್ಲಿ ಎಲ್ರೂ ನನ್ನ ಇಪ್ಪತ್ತೊಂಬತ್ತು ಅಂತಾನೇ ಕರೀತಾರೆ."

ಹಳೇ ಅಂಗಿ ಯಾಕೆ ತಂದಿದ್ದಳೆಂದು ಆಗ ಗೊತ್ತಾಯಿತು. ಮಾತಿಲ್ಲದೆ ಟೇಪು ಸುತ್ತಿದೆ.

"ಎಷ್ಟೇ? ಕೇಳಿಸ್ಲಿಲ್ಲ!" ಒಳಗಿನಿಂದ ಯಜಮಾನರು.

"ನಿಮಗೆ ಬೇಡ. ನಾನೇ ಬರ್ಕೋತೀನಿ."

ಹೊಟ್ಟೆ ಒಳಗೆಳೆದು ಹಿಡಿದಿದ್ದ ಉಸಿರನ್ನು ಮಗಳು ಆಗ ಬಿಟ್ಟಳು. ಸೊಂಟ ಎರಡಿಂಚು ಹೆಚ್ಚಾಯಿತು. ಅದನ್ನೇ ಬರೆದುಕೊಂಡೆ.