ಎಂ.ಎ. ಮನಃಶಾಸ್ತ್ರ: ಅರ್ಹತೆ, ನಿಬಂಧನೆ ಮತ್ತು ನನ್ನ ತಂಗಿಯ ಬಲಗಾಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನನಗೆ ಗೊತ್ತಿಲ್ಲ. ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಮಾತ್ರ ಚೆನ್ನಾಗಿ ಗೊತ್ತಿದೆ. ಕೆಂಪು ನಕ್ಷತ್ರ ಹಾಕಿರುವ ಜಾಗಗಳನ್ನು ಮೊದಲು ತುಂಬಬೇಕಂತೆ. ತುಂಬುತ್ತೇನೆ.

ಅರ್ಜಿದಾರಳು: ನನ್ನ ತಂಗಿ. ವಯಸ್ಸು: ನಲವತ್ತನಾಲ್ಕು. ವೃತ್ತಿ: ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು. ಬೇಕಾದ ಕೋರ್ಸು: ಎಂ.ಎ. ಮನಃಶಾಸ್ತ್ರ, ಎರಡು ವರ್ಷ, ಮೂವತ್ತು ಸೀಟು. ಕೊನೆಯ ದಿನ: ಶುಕ್ರವಾರ ಸಂಜೆ ಐದು ಗಂಟೆ.

ನಾನು ಯಾರು ಎನ್ನುವುದಕ್ಕೆ ಅರ್ಜಿಯಲ್ಲಿ ಜಾಗ ಕೊಟ್ಟಿಲ್ಲ. ನಾನು ಅವಳ ಅಣ್ಣ. ಕಥೆ ಬರೆಯುತ್ತೇನೆ. (ಪ್ರಕಟವಾಗಿವೆಯೇ ಎಂದು ಕೇಳಬೇಡಿ. ಒಂದು ಪ್ರಕಟವಾಗಿದೆ. ಅದರ ಕೊನೆಯ ಪುಟ ಅಚ್ಚು ಮಾಡುವುದನ್ನು ಪತ್ರಿಕೆಯವರು ಮರೆತರು. ಓದುಗರು ಆ ಮುಕ್ತಾಯವನ್ನೇ ಬಹಳ ಹೊಗಳಿದರು.)

೨

ಇಲ್ಲ, ಬಲಗಾಲಿನಿಂದ ಶುರು ಮಾಡಬೇಕಿತ್ತು.

ಕಾರು ಕಲಿಸುವವರ ಗಾಡಿಯಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಕಲಿಸುವವರ ಕಾಲಡಿ. ಹತ್ತೊಂಬತ್ತು ವರ್ಷ ಆ ಎರಡನೆಯ ಬ್ರೇಕ್ ಒತ್ತಿ ಒತ್ತಿ ನನ್ನ ತಂಗಿಯ ಬಲಗಾಲಿಗೆ ಸ್ವಂತ ಬುದ್ಧಿ ಬಂದಿದೆ. ಎಲ್ಲಿ ಕೂತರೂ, ಯಾರಾದರೂ ಅಳತೆ ಮೀರುತ್ತಿದ್ದಾರೆ ಅನ್ನಿಸಿದರೆ ಅದು ನೆಲವನ್ನು ಒತ್ತುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿ ಒತ್ತಿದಳು; ಡಾಕ್ಟರು ಡ್ರಿಲ್ ನಿಲ್ಲಿಸಿ ಹಿಂದೆ ತಿರುಗಿ ನೋಡಿದರಂತೆ. ನಮ್ಮ ಮನೆಯ ಸೋಫಾದ ಮುಂದೆ ಒಂದು ಟೈಲ್ಸ್ ಸವೆದಿದೆ. ಅದು ನಾನು ಕಥೆ ಹೇಳುವಾಗ ಅವಳು ಕೂರುವ ಜಾಗ.

೩

ಪ್ರಾಸ್ಪೆಕ್ಟಸ್ ನಲವತ್ತೆರಡು ಪುಟ. ಪೂರ್ತಿ ಓದಿದವರಿಗೆ ಅಲ್ಲೇ ಒಂದು ಡಿಗ್ರಿ ಕೊಟ್ಟುಬಿಡಬಹುದು. ನಿಮಗಾಗಿ ನಾನು ಓದಿದ್ದೇನೆ.

ಯಾವುದಾದರೂ ಪದವಿಯಲ್ಲಿ ಶೇಕಡಾ ಐವತ್ತು ಇರಬೇಕು. ತಂಗಿಗೆ ಬಿ.ಕಾಂ.ನಲ್ಲಿ ಐವತ್ತು ಪಾಯಿಂಟ್ ಎರಡು. ಆ ಪಾಯಿಂಟ್ ಎರಡನ್ನು ಇಪ್ಪತ್ತೆರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಮೂಸಿ ನೋಡಿರಲಿಲ್ಲ. ಪದವಿಯಲ್ಲಿ ಮನಃಶಾಸ್ತ್ರ ಓದದವರು ಮೊದಲ ಸೆಮಿಸ್ಟರಿನಲ್ಲಿ ಎರಡು ಹೆಚ್ಚುವರಿ ಪೇಪರು ಪಾಸು ಮಾಡಬೇಕು: ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ. ಸೀಟು ಸಿಕ್ಕಿದ ಮೇಲೆ ಎಂಬತ್ತು ಕ್ರೆಡಿಟ್, ಮುಕ್ಕಾಲು ಪಾಲು ಹಾಜರಿ, ಒಂದು ಪ್ರಬಂಧ, ಮೇಲ್ವಿಚಾರಣೆಯಲ್ಲಿ ಮುನ್ನೂರು ಗಂಟೆ ಕೆಲಸ.

"ಮೇಲ್ವಿಚಾರಣೆ ಅಂದ್ರೆ ಏನೇ?" ಎಂದೆ.

"ನಾನು ಜನರ ಹತ್ರ ಮಾತಾಡ್ತಾ ಇರ್ತೀನಿ. ಗೊತ್ತಿರೋರು ಒಬ್ಬರು ನನ್ನ ಮೇಲೆ ಕಣ್ಣಿಟ್ಟಿರ್ತಾರೆ. ನಾನು ತಪ್ಪು ದಾರಿ ಹಿಡಿದ್ರೆ ನಿಲ್ಲಿಸ್ತಾರೆ."

"ಅಂದ್ರೆ ಅವರಿಗೂ ಒಂದು ಬ್ರೇಕ್ ಇರುತ್ತೆ."

"ಇರ್ಲೇಬೇಕಲ್ಲ," ಎಂದಳು ತಂಗಿ, ಇದೊಂದು ಪ್ರಶ್ನೆಯೇ ಎನ್ನುವ ಹಾಗೆ.

ಇನ್ನು ಶಿಫಾರಸು ಪತ್ರ, ಎರಡು. ಒಂದು ಪಾಠ ಹೇಳಿದವರಿಂದ. ಬದುಕಿದ್ದ ಒಬ್ಬರೇ ಕಾಮರ್ಸ್ ಮೇಷ್ಟ್ರನ್ನು ಹುಡುಕಿಕೊಂಡು ಹೋದಳು. ಅವರು ಪ್ರಾಮಾಣಿಕರು: "ಈಕೆ ನನ್ನ ವಿದ್ಯಾರ್ಥಿನಿಯಾಗಿದ್ದರೆಂದು ಈಕೆಯೇ ಹೇಳುತ್ತಾರೆ. ನಂಬದಿರಲು ನನಗೆ ಕಾರಣ ಕಾಣುತ್ತಿಲ್ಲ." ಇನ್ನೊಂದು, ಕೆಲಸ ನೋಡಿದವರಿಂದ. ಅದನ್ನು ಬರೆದವರು ಒಬ್ಬ ದೊಡ್ಡ ಸರ್ಜನ್: "ನಾನು ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾದೆ. ನಾಲ್ಕೂ ಸಲ ಮೇಡಂ ನನ್ನನ್ನು ಮನೆವರೆಗೆ ಬಿಟ್ಟರು. ಒಂದು ಸಲವೂ ಸಮಾಧಾನ ಹೇಳಲಿಲ್ಲ. ಅದಕ್ಕೇ ಐದನೆಯ ಸಲ ಹೋದೆ."

ಉಳಿದದ್ದು ಉದ್ದೇಶ ಪತ್ರ. ಈ ಕೋರ್ಸನ್ನು ಏಕೆ ಓದಬಯಸುತ್ತೀರಿ? ಐನೂರು ಪದಗಳಲ್ಲಿ, ಸ್ವಂತ ಮಾತುಗಳಲ್ಲಿ. ಬೇರೆಯವರು ಬರೆದದ್ದೆಂದು ಕಂಡುಬಂದರೆ ಅರ್ಜಿ ತಿರಸ್ಕೃತ.

ತಂಗಿಯ ಹತ್ತಿರ ಇದ್ದದ್ದು ನಲವತ್ತು ಪದ. ಉಳಿದ ನಾನೂರ ಅರವತ್ತಕ್ಕೆ ನನ್ನ ಹತ್ತಿರ ಬಂದಳು.

೪

ಅವಳು ಹೇಳಿದ್ದು ಇಷ್ಟು.

ಅವಳ ಹತ್ತಿರ ಕಲಿಯುತ್ತಿದ್ದ ಒಬ್ಬ ಗಂಡಸು. ಹನ್ನೊಂದನೆಯ ಕ್ಲಾಸು. ಸೇತುವೆಯ ನಡುವೆ ಕಾರು ನಿಲ್ಲಿಸಿದ. ಎರಡು ಕೈಯನ್ನೂ ಸ್ಟೀರಿಂಗ್ ಮೇಲೇ ಇಟ್ಟುಕೊಂಡು, "ಮೇಡಂ, ಇದು ನನ್ನ ಹೆಂಡತಿ ಕಲಿಬೇಕು ಅಂತಿದ್ದ ಕ್ಲಾಸು. ದುಡ್ಡೂ ಅವಳೇ ಕಟ್ಟಿದ್ಲು. ತೀರಿಹೋಗಿ ಎಂಟು ತಿಂಗಳಾಯ್ತು. ನನಗೆ ಇಲ್ಲಿಂದ ಮನೆಗೆ ಹೋಗೋಕೆ ಆಗ್ತಿಲ್ಲ," ಎಂದ. ಹಿಂದೆ ಗಾಡಿಗಳ ಹಾರನ್ನು.

"ನನಗೆ ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. 'ಕ್ಲಚ್ ಒತ್ತಿ' ಅಂದೆ. ಒತ್ತಿದ್ರು. ಹನ್ನೆರಡನೇ ಕ್ಲಾಸಿಗೆ ಬರ್ಲಿಲ್ಲ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಆವತ್ತು ಏನ್ ಹೇಳ್ಬೇಕಿತ್ತು ಅಂತ ನಾನು ಕಲೀಬೇಕು. ಅಷ್ಟೇ."

"ಯಾರು ಆ ಮನುಷ್ಯ?"

"ಅದು ನಿನಗೆ ಬೇಡ."

(ಓದುಗರೇ, ನಿಮ್ಮ ಮುಖ ನನಗೆ ಕಾಣುತ್ತಿದೆ. ಇಷ್ಟೇ ಸಾಕಲ್ಲ, ಇದನ್ನೇ ಬರೆದು ಕಳಿಸಬಹುದಿತ್ತಲ್ಲ ಎನ್ನುತ್ತಿದ್ದೀರಿ. ಇದರಲ್ಲಿ ಸೇತುವೆ ಇದೆ, ಆದರೆ ಯಾರೂ ಹಾರುವುದಿಲ್ಲ. ಕಾರಿದೆ, ಗುದ್ದುವುದಿಲ್ಲ. ಇಂಥದ್ದನ್ನು ಕಥೆ ಎಂದು ಒಪ್ಪಿಕೊಳ್ಳಲು ಹೊಟ್ಟೆಪಾಡಿಗೆ ಸುಳ್ಳು ಹೇಳುವವನಿಗೆ ಮನಸ್ಸು ಬರುವುದಿಲ್ಲ.)

೫

ಮೊದಲ ಕರಡಿನಲ್ಲಿ ತಂಗಿ ನಾಲ್ಕನೆಯ ವಯಸ್ಸಿಗೇ ಅಪ್ಪನ ಕನಸುಗಳಿಗೆ ಅರ್ಥ ಹೇಳುತ್ತಿದ್ದಳು. ನಮ್ಮಪ್ಪನಿಗೆ ಜೀವಮಾನದಲ್ಲಿ ನಿದ್ದೆಯೇ ಸರಿಯಾಗಿ ಬಂದಿರಲಿಲ್ಲ. ಹರಿದು ಹಾಕಿದೆ.

ಎರಡನೆಯ ಕರಡನ್ನು ಅವಳ ಮುಂದೆ ಓದಿದೆ. ಕಾರಿನ ಅರ್ಧ ಭಾಗ ಸೇತುವೆಯಿಂದ ಆಚೆ ತೂಗಾಡುತ್ತಿದೆ. ತಂಗಿ ಬಾನೆಟ್ ಮೇಲೆ ನಿಂತು, ಎರಡು ಕೈ ಚಾಚಿ, ಬದುಕಿನ ಬೆಲೆಯ ಬಗ್ಗೆ ಮಾತಾಡುತ್ತಿದ್ದಾಳೆ. ಬಲಗಾಲು ಟೈಲ್ಸ್ ಮೇಲೆ ಬಿತ್ತು.

"ನಾನು ಯಾವಾಗ ಬಾನೆಟ್ ಮೇಲೆ ನಿಂತೆ?"

"ನಿಂತಿಲ್ಲ. ನಿಲ್ಲಬಹುದಿತ್ತು."

"ನನಗೆ ಮೊಣಕಾಲು ನೋವು."

"ಅದನ್ನೂ ಸೇರಿಸ್ತೀನಿ. ನೋವಿದ್ರೂ ನಿಂತಳು ಅಂತ."

ಒಳಗೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ, "ನೀನು ಇವರ ಕೈಗೆ ಕೊಟ್ಟಿದ್ದೇ ತಪ್ಪು ಕಣೇ. ನಮ್ಮ ಮದುವೆ ಪತ್ರಿಕೆಯಲ್ಲೇ ಬುರುಡೆ ಬಿಟ್ಟಿದ್ರು," ಎಂದಳು.

"ಅತ್ತಿಗೆ, ಬೇರೆ ಯಾರಿದಾರೆ ನನಗೆ ಬರೆಯೋರು?" ಎಂದಳು ತಂಗಿ. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪು ಖಾರ ಬೇಡ. ನಾನು ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡು. ಇದು ನನ್ನ ಸೀಟು. ಹೋದ ವರ್ಷ ಧೈರ್ಯ ಬರ್ಲಿಲ್ಲ, ಮುಂದಿನ ವರ್ಷ ಈ ಧೈರ್ಯ ಇರುತ್ತೋ ಇಲ್ವೋ ಗೊತ್ತಿಲ್ಲ," ಎಂದಳು.

ಇಲ್ಲಿ ನನ್ನ ಕೆಲಸದ ಒಂದು ರೂಢಿಯನ್ನು ಹೇಳಿಬಿಡಬೇಕು, ಮುಂದಿನ ಅನಾಹುತಕ್ಕೆ ಅದೇ ಕಾರಣ. ಕರಡು ಬರೆಯುವಾಗ ಜನ ನಿಜವಾಗಿ ಆಡಿದ ಮಾತನ್ನು ನಾನು ಬ್ರಾಕೆಟ್ಟಿನಲ್ಲಿ ಇಟ್ಟುಕೊಳ್ಳುತ್ತೇನೆ, ಪಕ್ಕದಲ್ಲಿ ನನಗೇ ಒಂದು ಟಿಪ್ಪಣಿ ಹಾಕಿ. ನಿಜ ಎಲ್ಲಿತ್ತು ಎಂದು ಗೊತ್ತಿದ್ದರೆ ಅಲ್ಲಿಂದ ಎಷ್ಟು ದೂರ ಬಂದೆ ಎಂದು ಗೊತ್ತಾಗುತ್ತದೆ. ಕೊನೆಗೆ ಬ್ರಾಕೆಟ್ಟುಗಳನ್ನೆಲ್ಲ ಅಳಿಸಿದರೆ ಕಥೆ ತಯಾರು.

೭

(ಆರನೆಯ ಭಾಗವನ್ನು ತಂಗಿ ತೆಗೆಸಿದಳು. ಅದರಲ್ಲಿ ಸೇತುವೆಯ ಮನುಷ್ಯನ ಉದ್ಯೋಗ ಇತ್ತು. "ಗುರುತು ಸಿಗುತ್ತೆ" ಎಂದಳು. ಅದು ಈ ಕಥೆಯ ಅತ್ಯುತ್ತಮ ಭಾಗವಾಗಿತ್ತು. ನೀವು ಓದಿಲ್ಲವಾದ್ದರಿಂದ ನಂಬಲೇಬೇಕು.)

ಶುಕ್ರವಾರ ನಾಲ್ಕೂವರೆಗೆ ತಂಗಿ ಯಾರಿಗೋ ರಿವರ್ಸ್ ಕಲಿಸುತ್ತಿದ್ದಳು. ನಾನು ಅವಳ ಪರವಾಗಿ ವೆಬ್‌ಸೈಟಿನ ಮುಂದೆ ಕೂತಿದ್ದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಫೈಲಿದ್ದವು: ಅಂತಿಮ, ಅಂತಿಮ ಎರಡು, ನಿಜವಾದ ಅಂತಿಮ, ಇದೇ ಕೊನೆ. ಬ್ರಾಕೆಟ್ ಅಳಿಸಿದ್ದು 'ಇದೇ ಕೊನೆ'ಯಲ್ಲಿ. ನಾಲ್ಕು ಐವತ್ತಾರಕ್ಕೆ ನಾನು ಹಾಕಿದ್ದು 'ನಿಜವಾದ ಅಂತಿಮ'. "ಇದು ನನ್ನದೇ ಬರಹವೆಂದು ಪ್ರಮಾಣೀಕರಿಸುತ್ತೇನೆ" ಎನ್ನುವ ಚೌಕದಲ್ಲಿ ಟಿಕ್ಕನ್ನೂ ಹಾಕಿದೆ. ಆ ಒಂದು ವಾಕ್ಯದ ಮಟ್ಟಿಗೆ ಅದು ನನ್ನದೇ ಬರಹವಾಗಿತ್ತು.

ತಪ್ಪು ಗೊತ್ತಾದದ್ದು ಐದೂ ಹತ್ತಕ್ಕೆ. ತಂಗಿಗೆ ಹೇಳಿದೆನೇ? ಈ ಕಥೆಯ ಒಂದು ಕರಡಿನಲ್ಲಿ ಓಡೋಡಿ ಹೋಗಿ ಹೇಳಿದೆ. ನಿಜವಾಗಿ ಟೀ ಕುಡಿದೆ.

೮

ಸಂದರ್ಶನದ ದಿನ ನಾನು ಕಾರಿಡಾರಿನ ಬೆಂಚಿನಲ್ಲಿದ್ದೆ. ಒಳಗೆ ನಡೆದದ್ದನ್ನು ತಂಗಿ ಆಮೇಲೆ ಹೇಳಿದಳು. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ. ಸೇರಿಸಲು ಹೋದಾಗೆಲ್ಲ ಎದುರಿಗೆ ಆ ಕಾಲು ಇತ್ತು.

ಮೇಜಿನ ಆಚೆ ಮೂವರು. ನಡುವೆ ವಿಭಾಗದ ಮುಖ್ಯಸ್ಥೆ, ಎಡಗಡೆ ಸಂಖ್ಯಾಶಾಸ್ತ್ರದ ಮೇಷ್ಟ್ರು, ಬಲಗಡೆ ಹೊರಗಿನಿಂದ ಬಂದ ಪರೀಕ್ಷಕರು. ಮುಖ್ಯಸ್ಥೆ ಕನ್ನಡಕ ಏರಿಸಿ, ಹಾಳೆ ಎತ್ತಿ, ಸ್ಪಷ್ಟವಾಗಿ ಓದಿದರು:

"'ಗಾಳಿ ಬೀಸುತ್ತಿತ್ತು. ನಾನು ಬಾನೆಟ್ ಮೇಲೆ ನಿಂತೆ. ಬ್ರಾಕೆಟ್, ಇಲ್ಲಿ ಸಮಿತಿಯವರಿಗೆ ಕಣ್ಣೀರು ಬರಬೇಕು, ಬರದಿದ್ದರೆ ಮಳೆ ಸುರಿಸು, ಬ್ರಾಕೆಟ್ ಮುಗೀತು.'"

ಸಂಖ್ಯಾಶಾಸ್ತ್ರದ ಮೇಷ್ಟ್ರು, "ಮಳೆ ಬಂತಾ ಆಮೇಲೆ?" ಎಂದು ಕೇಳಿದರು.

ಮೇಜಿನ ಕೆಳಗೆ ತಂಗಿಯ ಬಲಗಾಲು ನೆಲಕ್ಕೆ ಅಂಟಿಹೋಗಿತ್ತು.

ಮುಖ್ಯಸ್ಥೆ ಪುಟ ಮಗುಚಿದರು. "'ಬ್ರಾಕೆಟ್. ತಂಗಿ ಹೇಳಿದ್ದು: ನನಗೆ ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಕ್ಲಚ್ ಒತ್ತಿ ಅಂದೆ. ತುಂಬ ಸಪ್ಪೆ. ತೆಗೆದುಹಾಕು.'" ಹಾಳೆ ಕೆಳಗಿಟ್ಟರು. "ಇದನ್ನ ಬರೆದಿದ್ದು ಯಾರಮ್ಮಾ?"

ಇಲ್ಲಿ ಒಂದು ಕ್ಷಣ ನಿಲ್ಲೋಣ. 'ನಾನೇ' ಎಂದರೆ ಸೀಟು ಉಳಿಯಬಹುದು. ಕಥೆಗಾರನ ತಂಗಿ, ಒಂದು ಸುಳ್ಳು ಹೇಳಲು ಎಷ್ಟು ಹೊತ್ತು? ಪ್ರಾಸ್ಪೆಕ್ಟಸ್ಸಿನ ಹನ್ನೊಂದನೆಯ ಪುಟದ ನಿಯಮ ಅವಳಿಗೆ ಬಾಯಿಪಾಠ ಬರುತ್ತಿತ್ತು. ಈ ಕಥೆಯ ಕರಡಿನಲ್ಲಿ ನಾನು ಅವಳ ಬಾಯಿಗೆ ಒಂದು ಒಳ್ಳೆಯ ಸುಳ್ಳನ್ನು ಇಟ್ಟಿದ್ದೆ. ಅವಳು ಉಗುಳಿದಳು.

"ನಮ್ಮಣ್ಣ, ಮೇಡಂ. ಬ್ರಾಕೆಟ್ ಒಳಗಡೆ 'ತಂಗಿ ಹೇಳಿದ್ದು' ಅಂತಿರೋದು ಮಾತ್ರ ನಂದು."

"ನಾವು ಬ್ರಾಕೆಟ್ ಹೊರಗಡೆ ಇರೋದನ್ನ ಓದೋದು ಎರಡನೇ ಪ್ಯಾರಾಕ್ಕೇ ಬಿಟ್ವಿ," ಎಂದರು ಮುಖ್ಯಸ್ಥೆ. "ಆದ್ರೆ ನಿಯಮ ನಿಮಗೆ ಗೊತ್ತಲ್ಲ?"

"ಗೊತ್ತು ಮೇಡಂ."

"ಇರ್ಲಿ. ಒಂದು ಕೇಳ್ತೀನಿ. ಆ ಮನುಷ್ಯ ಇವತ್ತು ಮತ್ತೆ ಅದೇ ಸೇತುವೆ ಮೇಲೆ ಗಾಡಿ ನಿಲ್ಲಿಸಿದ್ರೆ, ಏನ್ ಹೇಳ್ತೀರಿ?"

ತಂಗಿ ಯೋಚಿಸಿದಳು. ಸಂಖ್ಯಾಶಾಸ್ತ್ರದವರು ಗಡಿಯಾರ ನೋಡಿಕೊಳ್ಳುವಷ್ಟು ಹೊತ್ತು ಯೋಚಿಸಿದಳು.

"ಏನೂ ಹೇಳಲ್ಲ. ಇಂಜಿನ್ ಆಫ್ ಮಾಡ್ತೀನಿ."

"ಹಿಂದೆ ಹಾರನ್ ಹೊಡಿತಿದ್ರೆ?"

"ಹೊಡ್ಕೊಳ್ಳಿ."

೯

ಈಗ ಮುಕ್ತಾಯಗಳು. ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ.

ಅ) ಮುಖ್ಯಸ್ಥೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. (ಮೂವರ ಸಮಿತಿ ಚಪ್ಪಾಳೆ ತಟ್ಟಿದರೆ ಸದ್ದು ಸಾಲುವುದಿಲ್ಲ. ಕೈಬಿಟ್ಟಿದ್ದೇನೆ.)

ಆ) ಅರ್ಜಿ ತಿರಸ್ಕೃತ. ಕಾರಣ: ಅಣ್ಣ.

ಇ) ಸಮಿತಿ ನನಗೆ ಸೀಟು ಕೊಡುತ್ತದೆ, ವಿದ್ಯಾರ್ಥಿಯಾಗಿ ಅಲ್ಲ, ಮುನ್ನೂರು ಗಂಟೆಯ ಅಭ್ಯಾಸಕ್ಕೆ ರೋಗಿಯಾಗಿ. ಇದು ನನ್ನ ಹೆಂಡತಿ ಸೂಚಿಸಿದ್ದು. ಬಹುಮತ ಇದಕ್ಕೇ ಇದೆ.

ಎಷ್ಟಾಯಿತು, ಮೂರೇ? ಇನ್ನೊಂದಿದೆ. ಅದು ಆದದ್ದು.

ಸೋಮವಾರ ಹನ್ನೊಂದಕ್ಕೆ ವಿಭಾಗದ ಬೋರ್ಡಿನಲ್ಲಿ ಆಯ್ಕೆಯಾದವರ ಪಟ್ಟಿ ಹಾಕಿದರು. ಅದರಲ್ಲಿ ಹೆಸರಿರಲಿಲ್ಲ, ಬರೀ ಅರ್ಜಿ ಸಂಖ್ಯೆ. ಹದಿನಾಲ್ಕು ಅಂಕಿಯ ಮೂವತ್ತು ಸಂಖ್ಯೆಗಳು. ಅವಳ ಸಂಖ್ಯೆ ಬರೆದ ಚೀಟಿ ತಂಗಿಯ ಹತ್ತಿರವೇ ಇತ್ತು. ಬೋರ್ಡಿನ ಮುಂದೆ ಅರ್ಧ ಗಂಟೆ ನಿಂತೆ. ಒಂದೊಂದು ಸಂಖ್ಯೆಯೂ ತಂಗಿಯದರ ಹಾಗೇ ಕಂಡಿತು.

ಹೊರಗೆ ಬಂದರೆ ಡ್ರೈವಿಂಗ್ ಸ್ಕೂಲಿನ ಕಾರು ನಿಂತಿತ್ತು, ಇಂಜಿನ್ ಓಡುತ್ತಿತ್ತು. ತಂಗಿ ಅಭ್ಯಾಸಬಲದಿಂದ ಕಲಿಸುವವರ ಸೀಟಿನಲ್ಲಿ ಕೂತಿದ್ದಳು. ಖಾಲಿ ಇದ್ದದ್ದು ಸ್ಟೀರಿಂಗ್ ಮುಂದಿನ ಸೀಟು. ನನಗೆ ಕಾರು ಬಿಡಲು ಬರುವುದಿಲ್ಲ. ಆದರೂ ಕೂತೆ.

"ಪಟ್ಟಿ ನೋಡಿದ್ಯಾ?" ಎಂದೆ.

"ನೋಡ್ದೆ."

"ಏನಾಯ್ತು?"

ತಂಗಿ ಕೈ ಚಾಚಿ ಕೀಲಿ ತಿರುಗಿಸಿದಳು. ಇಂಜಿನ್ ನಿಂತಿತು. ನನ್ನ ಕಡೆ ನೋಡಲೂ ಇಲ್ಲ, ನೋಡದೆಯೂ ಇರಲಿಲ್ಲ. ಸುಮ್ಮನೆ ಕೂತಳು.

ಮೌನ ಎಂದರೆ ನನಗೆ ಮೈಯೆಲ್ಲ ಕಡಿತ. ಅದನ್ನು ತುಂಬಿಸಲು ಬಾಯಿ ತೆಗೆದೆ. ಮೊದಲು ಫೈಲಿನ ವಿಷಯಕ್ಕೆ ಕ್ಷಮೆ ಕೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆ ಟೀ ಯಾಕೆ ಕುಡಿದೆ ಎಂದು ಹೇಳತೊಡಗಿದೆ. ಆಮೇಲೆ, ನಿಜ ಸಿಕ್ಕಲ್ಲೆಲ್ಲ ಯಾಕೆ ಅದನ್ನು ಬ್ರಾಕೆಟ್ಟಿನಲ್ಲಿ ಕೂಡಿಹಾಕುತ್ತೇನೆ ಎಂದು. ಆಮೇಲೆ ಇನ್ನೂ ಹಿಂದಿನದು, ಹೆಂಡತಿಗೂ ಹೇಳದ್ದು. ಹಿಂದೆ ಯಾವುದೋ ಗಾಡಿ ಹಾರನ್ ಹೊಡೆಯಿತು. ಹೊಡೆದುಕೊಂಡಿತು. ಕೈಗಡಿಯಾರ ನೋಡಿದಾಗ ನಲವತ್ತು ನಿಮಿಷವಾಗಿತ್ತು, ನನ್ನ ಎರಡು ಕೈಯೂ ಸ್ಟೀರಿಂಗ್ ಮೇಲಿದ್ದವು. ಅಷ್ಟೂ ಹೊತ್ತು ಆ ಬಲಗಾಲು ಒಮ್ಮೆಯೂ ಅಲುಗಿರಲಿಲ್ಲ.

ನಾನು ಹೇಳಿದ್ದೇನು ಎಂದು ಕೇಳುತ್ತೀರಿ. ಅದು ನಿಮಗೆ ಬೇಡ.

ಮೂಗು ಒರೆಸಿಕೊಂಡೆ. "ನಿನ್ನ ಸೀಟಿನ ವಿಷಯ ಹೇಳಲೇ ಇಲ್ವಲ್ಲೇ ನೀನು."

"ಹೇಳಿದ್ರೆ ಕಥೇಲಿ ಹಾಕ್ತೀಯ."

"ಇಲ್ಲಮ್ಮ, ನಾನ್ಯಾಕೆ ಹಾಕ್ಲಿ," ಎಂದೆ.

ತಂಗಿಯ ಬಲಗಾಲು ಬ್ರೇಕನ್ನು ಪೂರ್ತಿ ಒತ್ತಿತು. ಕಾರು ನಿಂತೇ ಇತ್ತು.